ಎರಡನೆಯ ಅನ್ಸೆಲ್ಮ್

ಸಾಂ ಮಾಲೊ, ಫ್ರಾನ್ಸ್
9 ಸೆಪ್ಟೆಂಬರ್ 1935

ಪ್ರೀತಿಯ ಅಮ್ಮಾ,

ನನ್ನ ತಂತಿ ತಲುಪಿತೇ? ಕಲ್ಲುಕುಟಿಗನ ಕೈಯಿಂದ ಉಳಿ ಕಿತ್ತುಕೊಂಡೆಯಾ? ನಮ್ಮ ಸಮಾಧಿಕಲ್ಲಿನಿಂದ ಅನ್ಸೆಲ್ಮನ ಹೆಸರನ್ನು ಅಳಿಸಬಾರದು, ಅಳಿಸಕೂಡದು!

ಇಂಗ್ಲಿಷರು ಕೆನಡಾದ ಅಕೇಡಿಯಾದಿಂದ ಗಡೀಪಾರು ಮಾಡಿದ ನಮ್ಮ ಮೂಲಪುರುಷ ಅನ್ಸೆಲ್ಮ್ ನಾಲ್ಕನೇ ವಯಸ್ಸಿಗೇ ಇಲ್ಲಿ ತೀರಿಕೊಂಡನೆಂದು ಚರ್ಚಿನ ದಾಖಲೆ ನೋಡಿ ಬರೆದವಳು, ಹೆಸರು ಅಳಿಸೆಂದವಳು ನಾನೇ. ಚಿಕ್ಕಪ್ಪನ ಮಗ ಥಿಯೋಜೆನ್ ಕಾಗದದಲ್ಲೇ ಗಹಗಹಿಸಿದ: "ಸತ್ತ ಕೂಸಿಗೆ ಮರಿಮಕ್ಕಳಾ ಅಕ್ಕಾ? ಹಂಗಾದ್ರೆ ಲೂಸಿಯಾನದಲ್ಲಿರೋ ನಾವೆಲ್ಲ ದೆವ್ವಗಳೇ ಬಿಡು!" ಅಂದಿನಿಂದ ನಾನು ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ.

ಇಂದು ದಾಖಲೆ ಕಾಯುವ ಮುದುಕಿ ರೇಗಿದಳು: "ಆ ಸಾವಿನ ಪುಟದಲ್ಲೇ ಎಷ್ಟು ದಿನ ಕೂತಿರ್ತೀಯಮ್ಮಾ? ಮುಂದಕ್ಕೆ ತಿರುವು, ಬದುಕಿದೋರು ಅಲ್ಲಿರ್ತಾರೆ!" ತಿರುವಿದೆ. ಎರಡು ವರ್ಷದ ನಂತರ ಅದೇ ತಂದೆತಾಯಿಗೆ ಗಂಡುಮಗು, ಹೆಸರು ಅನ್ಸೆಲ್ಮ್! 1785ರಲ್ಲಿ ಲೂಸಿಯಾನದ ಹಡಗು ಹತ್ತಿದವನು ಅವನೇ. ತೀರಿಕೊಂಡ ಮಗುವಿನ ಹೆಸರನ್ನು ಮುಂದೆ ಹುಟ್ಟಿದ ಮಗುವಿಗೆ ಇಡುವುದು ನಮ್ಮವರ ಪದ್ಧತಿಯಲ್ಲವೇ? ಬೇರೆಯವರಿಗಿರಲಿ, ನನಗೇ ಹೊಳೆಯಲಿಲ್ಲವಲ್ಲ!

ಕಲ್ಲಿನ ಮೇಲೆ ಇಬ್ಬರು ಅನ್ಸೆಲ್ಮರೂ ಇರಲಿ.

ಇನ್ನೊಂದು ಕೆಲಸವಿದೆ. ನವೆಂಬರ್ ಒಂದರ ಸರ್ವಸಂತರ ಹಬ್ಬಕ್ಕೆ ಗೋರಿಗಳಿಗೆ ಸುಣ್ಣ ಬಳಿಯುವಾಗ, ಬೇಲಿಯ ಮೂಲೆಯ ಪುಟ್ಟ ಗೋರಿಗೆ ಈ ಸಲ ನೀನೊಬ್ಬಳೇ ಬಳಿಯಬೇಡ. ಅದರ ಮೇಲೆ ನನ್ನ ಹೆಸರಿದೆಯೆಂದು ಹೆದರಿ ನಾನು ಇಷ್ಟು ವರ್ಷ ಅತ್ತ ಸುಳಿಯಲಿಲ್ಲ. ಹಬ್ಬದೊಳಗೆ ಬಂದೇ ಬರುತ್ತೇನೆ. ನನಗೂ ಒಂದು ಕುಂಚ ಎತ್ತಿಟ್ಟಿರು.

ನಿನ್ನ ಎರಡನೆಯ
ಒಲಿಂಪ್