ಯಹೂದಿ ಅಂಗಡಿಯ ಡಬ್ಬಿ

ರೋಣ,
೨೧ ಫೆಬ್ರುವರಿ ೧೯೫೪

ಚಿರಂಜೀವಿ ತೋಟಪ್ಪನಿಗೆ ಅಕ್ಕ ಶೇಖವ್ವನ ಆಶೀರ್ವಾದ.

ರೂಢಿಯಿದೆಯೆಂದು ಆಶೀರ್ವಾದ ಬರೆದಿದ್ದೇನೆ, ಅಷ್ಟೇ. ನಿನ್ನ ಎರಡೂ ಪತ್ರಗಳು ಮುಟ್ಟಿ ಇಪ್ಪತ್ತು ದಿನವಾಯಿತು. ತಡವಾದದ್ದಕ್ಕೆ ಕೆಲಸದ ನೆಪ ಹೇಳುವುದಿಲ್ಲ, ಬರೆಯಬಾರದೆಂದೇ ಇದ್ದೆ. ಅವ್ವನ ಮಣ್ಣಿಗೆ ಬಂದವನು ಐದು ದಿನ ಇದೇ ಮನೆಯಲ್ಲಿದ್ದರೂ ನಾನು ಯಾಕೆ ಮಾತಾಡಲಿಲ್ಲವೆಂದು ಕೇಳಿದ್ದೀಯ. ನೀನು ಏನು ತಪ್ಪು ಮಾಡಿದೆಯೆಂದು ನಮ್ಮ ಮನೆಯವರ ಮುಂದೆ ಕಣ್ಣೀರು ಹಾಕಿದೆಯಂತೆ. ಹೇಳುತ್ತೇನೆ, ಕೇಳು.

ದೀಪಾವಳಿಯಾದ ಮೇಲೆ ಅವ್ವನನ್ನು ಚಿಕ್ಕನರಗುಂದದಿಂದ ಇಲ್ಲಿಗೆ ಕರೆತಂದೆವು. ಗಂಟಲಲ್ಲಿ ಗಡ್ಡೆ. ಕೊಯ್ಯುವ ಕಾಲ ಮೀರಿದೆ, ನುಂಗಲು ಆಗುವವರೆಗೆ ಇರುತ್ತಾರೆ ಎಂದರು ಡಾಕ್ಟರು. ಅಂಬಲಿ ಇಳಿಯುತ್ತಿರಲಿಲ್ಲ, ಹಾಲು ಮೂಗಿಗೆ ಬರುತ್ತಿತ್ತು. ಆಗ ಮುಂಬೈಯಿಂದ ನಿನ್ನ ಪಾರ್ಸಲ್ ಬಂತು. ನೀನು ಕಾರಕೂನನಾಗಿರುವ ಯಹೂದಿ ಸಾಹುಕಾರನ ಅಂಗಡಿಯಲ್ಲಿ ಮಾರುವ ವಿಲಾಯತಿ ಜೆಲ್ಲಿ ಪುಡಿ. ಬಿಸಿನೀರಿಗೆ ಕಲಸಿ ಆರಿಸಿದರೆ ಗಟ್ಟಿಯಾಗುತ್ತದೆ, ಅಗಿಯದೆಯೇ ಜಾರಿಹೋಗುತ್ತದೆ ಎಂದು ಬರೆದಿದ್ದೆ. ಡಬ್ಬಿಯ ಮೇಲೆ ಅವರ ಗುರುಗಳ ‘ಕೋಶರ್’ ಮುದ್ರೆ ಇದೆ, ಹಾಲಿನ ಪಾತ್ರೆಗೆ ಮಾಂಸದ ಪಾತ್ರೆ ತಾಗಿಸದ ಜನ, ನಮಗಿಂತ ಮಡಿ ಹೆಚ್ಚು, ನಿಶ್ಚಿಂತೆಯಿಂದ ತಿನ್ನಿಸು ಎಂದೂ ಬರೆದಿದ್ದೆ. ಮಾಂಸದ ಪಾತ್ರೆ ಎಂದು ಬರೆಯುವಾಗಲಾದರೂ ನಿನ್ನ ಕೈ ತಡೆಯಲಿಲ್ಲವೇ?

ಅವ್ವ ಕೇಳಿದಳು: “ಲಿಂಗಕ್ಕ ತೋರಿಸಿ ತಿನ್ನುವಂಥಾದ್ದ ಐತೇನವ್ವಾ ಇದು?” ನಿನ್ನ ಪತ್ರವನ್ನು ಎರಡು ಸಲ ಓದಿ ಹೇಳಿದೆ. ಅಂಗೈಯ ಲಿಂಗಕ್ಕೆ ತೋರಿಸಿ ತಿಂದಳು. ಚಳಿಯ ದಿನಗಳು, ನೀರಿನ ಕೊಡದಲ್ಲಿ ಬಟ್ಟಲಿಟ್ಟರೆ ಬೆಳಗಿನ ಹೊತ್ತಿಗೆ ಹೆಪ್ಪಾಗುತ್ತಿತ್ತು. ಹದಿನೆಂಟು ದಿನ ತಿಂದಳು. ಮೈಗೆ ಸ್ವಲ್ಪ ಕಸುವು ಬಂತು, ಗೋಡೆ ಹಿಡಿದು ಹಿತ್ತಲಿಗೆ ಹೋಗಿ ಬರುತ್ತಿದ್ದಳು.

ಸೂಜಿ ಚುಚ್ಚಲು ಬರುತ್ತಿದ್ದ ಕಂಪೌಂಡರ್ ಖಾಜಾಸಾಬ ಒಂದು ದಿನ ಆ ಬಟ್ಟಲು ನೋಡಿದ. ಯುದ್ಧದ ಕಾಲದಲ್ಲಿ ಪುಣೆಯ ಮಿಲಿಟರಿ ದವಾಖಾನೆಯ ಅಡಿಗೆಮನೆಯಲ್ಲಿದ್ದವನು ಅವನು. ಡಬ್ಬಿ ತರಿಸಿ ಓದಿ, ನನ್ನನ್ನು ಬಾಗಿಲ ಹೊರಗೆ ಕರೆದು ಮೆಲ್ಲಗೆ ಹೇಳಿದ: “ಅಕ್ಕಾರ, ಇದರಾಗ ತೊಗಲು ಎಲುಬು ಕುದಿಸಿ ತೆಗೆದ ಅಂಟ ಇರತೈತ್ರಿ. ಕೋಶರ್ ಅಂದ್ರ ಅವರ ಪದ್ಧತಿಲೆ ಕೊಯ್ದದ್ದು ಅಂತರಿ, ಕೊಯ್ದೇ ಇಲ್ಲ ಅಂತಲ್ಲ.” ಅವನ ಮೇಲೆಯೇ ರೇಗಿದೆ. ಅಂದೇ ನಿನಗೆ ಪತ್ರ ಹಾಕಿದೆ, ಅವ್ವನಿಗೆ ಕೊಡುವುದನ್ನು ಮಾತ್ರ ನಿಲ್ಲಿಸಲಿಲ್ಲ. ಬೇರೆ ಏನನ್ನು ಕೊಡಲಿ?

ನಿನ್ನ ಉತ್ತರ ಇನ್ನೂ ನನ್ನ ಪೆಟ್ಟಿಗೆಯಲ್ಲಿದೆ. ಸಾಹುಕಾರನನ್ನು ಕೇಳಿದೆಯಂತೆ. ತಮ್ಮ ಧರ್ಮಕ್ಕೆ ನಡೆಯುತ್ತದೆ ಎಂಬುದಷ್ಟೇ ಆ ಮುದ್ರೆಯ ಅರ್ಥ, ಈ ಡಬ್ಬಿಯಲ್ಲಿರುವುದು ದನದ ತೊಗಲಿನ ಅಂಟು, ಮಾಂಸ ಮುಟ್ಟದವರಿಗೆಂದು ಮೊದಲೇ ಹೇಳಿದ್ದರೆ ಸಮುದ್ರದ ಪಾಚಿಯಿಂದ ಮಾಡಿದ್ದನ್ನು ಕೊಡುತ್ತಿದ್ದೆ, ಅದಕ್ಕೂ ಇದೇ ಮುದ್ರೆ ಇದೆ ಎಂದನಂತೆ. ಎರಡು ಡಬ್ಬಿಗಳೂ ಒಂದೇ ಹಲಗೆಯ ಮೇಲಿದ್ದವು, ತೋಟಪ್ಪ. ಒಂದು ಮಾತು ಕೇಳಿದ್ದರೆ ಸಾಕಿತ್ತು. ಸಾಹುಕಾರ ಸುಳ್ಳು ಹೇಳಲಿಲ್ಲ. ನೀನು ಕೇಳದೆಯೇ ತಿಳಿದವನ ಹಾಗೆ ಬರೆದೆ. ಪಾಚಿಯ ಡಬ್ಬಿ ಕಳಿಸುತ್ತಿದ್ದೇನೆ, ಅವ್ವನಿಗೆ ಏನೂ ಹೇಳಬೇಡ ಎಂದು ಕೊನೆಗೆ ಬರೆದಿದ್ದೆ.

ಸಂಗತಿ ಅವ್ವನ ಕಿವಿಗೆ ಬಿತ್ತು. ಬಾಯಿ ತೊಳೆಸಿಕೊಂಡಳು, ಮಠದ ಅಯ್ಯನವರನ್ನು ಕರೆಸಿ ವಿಭೂತಿ ಹಚ್ಚಿಸಿಕೊಂಡಳು. ತಿಳಿಯದೆ ಆದದ್ದಕ್ಕೆ ದೋಷವಿಲ್ಲವೆಂದು ಅವರು ಎಷ್ಟು ಹೇಳಿದರೂ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿಯೇ ಕೂತಳು. ನಾಲ್ಕನೆಯ ದಿನ ನಿನ್ನ ಹೊಸ ಡಬ್ಬಿ ಬಂದರೆ ಮುಖ ತಿರುಗಿಸಿದಳು. ಯಾವ ಮುದ್ರೆಯನ್ನು ತೋರಿಸಿ ಅವಳನ್ನು ನಂಬಿಸಲಿ? ಎಂಟನೆಯ ದಿನ ಹೋದಳು. ಗಡ್ಡೆಯಿಂದ ಹೋದಳೆಂದು ನೀನು ಊರಿಗೆಲ್ಲ ಹೇಳಿದೆ. ಹಸಿದು ಹೋದಳು.

ಯುಗಾದಿಗೆ ಬರುತ್ತೇನೆಂದು ಬರೆದಿದ್ದೀಯ. ಬರಬೇಡ. ನಿನ್ನ ಹೆಂಡತಿ ಮಕ್ಕಳು ಸುಖವಾಗಿರಲಿ. ನಿನಗಾಗಿ ಏನನ್ನಾದರೂ ಬೇಡಿಕೊಳ್ಳಲು ಮನಸ್ಸು ಏಳುತ್ತಿಲ್ಲ.

ಇಂತಿ,
ಶೇಖವ್ವ

ತಾ.ಕ. ಪತ್ರ ಮಡಿಚಿದ ಮೇಲೆ ಮತ್ತೆ ಬಿಚ್ಚಿದ್ದೇನೆ. ಅವ್ವನಿಗೆ ಹೇಳಿದ್ದು ಖಾಜಾಸಾಬನಲ್ಲ, ನಾನು. ನಿನ್ನ ಉತ್ತರ ಬಂದ ದಿನ ನೆರೆಮನೆಯ ಕಳಕವ್ವ ನೋಡಲು ಬಂದಿದ್ದಳು. ನಾನು ಅವ್ವನ ಹಾಸಿಗೆ ಬದಲಿಸುತ್ತಿದ್ದೆ. ಮಗಳು ಬಹಳ ಸೇವೆ ಮಾಡುತ್ತಾಳೆಂದು ಕಳಕವ್ವ ಅಂದದ್ದಕ್ಕೆ ಅವ್ವ, “ಈಕಿ ಏನ ಮಾಡತಾಳ, ನನ್ನ ಮಗ ಕಳಿಸಿದ್ದನ್ನ ಬಾಯಿಗೆ ಇಡತಾಳ” ಎಂದಳು. ಕಳಕವ್ವ ಎದ್ದು ಹೋದಕೂಡಲೇ ನಿನ್ನ ಪತ್ರ ತಂದು ಓದಿದೆ, ಒಂದಕ್ಷರ ಬಿಡದೆ, ಹೇಳಬೇಡವೆಂಬ ಸಾಲನ್ನೂ ಸೇರಿಸಿ. ಅವ್ವ ನಿನ್ನನ್ನು ಬೈಯಲಿಲ್ಲ. ನನ್ನನ್ನೇ ನೋಡಿ, “ನನಗ ಹೇಳದ ಇದ್ದಿದ್ರ ನಿಂದೇನ ಹೋಗತಿತ್ತವ್ವಾ?” ಎಂದಳು. ಆಮೇಲೆ ನೀರನ್ನೂ ನನ್ನ ಕೈಯಿಂದ ಕುಡಿಯಲಿಲ್ಲ. ನಮ್ಮ ಮನೆಯವರು ಕುಡಿಸಿದರು.