ಅಕ್ಕನ ಕಣ್ಣು, ನನ್ನ ಸಂಬಳ

ಜೂನ್ 3, ಮಂಗಳವಾರ

ಬೆಳಿಗ್ಗೆ ಲ್ಯಾಬಿನಲ್ಲಿ ಎಂದಿನ ಸಾಲು. ಬರಿಹೊಟ್ಟೆಯಲ್ಲಿ ಬಂದವರು, ಎಲ್ಲರಿಗೂ ಮೂಗಿನ ತುದಿಯಲ್ಲೇ ಕೋಪ. ನನ್ನ ಮುಂದಿನ ಕುರ್ಚಿ ಖಾಲಿ ಇದ್ದರೂ ಅರ್ಧ ಜನ ಅಕ್ಕನಿಗೇ ಕಾಯುತ್ತಾರೆ. "ಅವರ ಕೈಯಲ್ಲಾದ್ರೆ ಚುಚ್ಚಿದ್ದೇ ಗೊತ್ತಾಗಲ್ಲ." ಒಡಹುಟ್ಟಿದ ಅಕ್ಕನಲ್ಲ — ರಕ್ತ ತೆಗೆಯಲು ಕಲಿಸಿದವಳು. ಮೊದಲ ದಿನ ನಾನು ಚುಚ್ಚಿ ಕಲಿಯಲೆಂದು ತನ್ನ ತೋಳನ್ನೇ ಮುಂದೆ ಚಾಚಿದ್ದಳು.

ದೊಡ್ಡ ಆಸ್ಪತ್ರೆಯಿಂದ ಫೋನ್. ಕೆಲಸ ಹೆಚ್ಚುಕಡಿಮೆ ಸಿಕ್ಕ ಹಾಗೆ. ಸಂಬಳದ ಮಾತು ಶುಕ್ರವಾರ.

ಜೂನ್ 5

ಅಡುಗೆಮನೆಯಲ್ಲಿ ಶುಕ್ರವಾರದ ಮಾತಿಗೆ ರಿಹರ್ಸಲ್. ಗಂಡ ಮ್ಯಾನೇಜರ್ ಆದರು.

"ಇಷ್ಟೇ ಕೊಡೋದು ಅಂದ್ರೆ ಏನ್ ಹೇಳ್ತೀಯಾ?"

"ಸರಿ ಸರ್ ಅಂತೀನಿ."

ತಲೆ ಚಚ್ಚಿಕೊಂಡರು. "ಬಾಯಿ ಬಿಟ್ಟು ಕೇಳೇ. ಕೇಳಿದ್ರೆ ಯಾರೂ ಹೊಡೆಯಲ್ಲ."

ಜೂನ್ 6, ಸಂಜೆ

ಎ.ಸಿ. ರೂಮು. ಮ್ಯಾನೇಜರ್ ನಗುತ್ತಲೇ ಇರುವ ಮನುಷ್ಯ. ಅವರು ಹೇಳಿದ್ದು ಕಡಿಮೆ. ಜಾಸ್ತಿ ಕೇಳಿದೆ — ಬಾಯಿ ಬಿಟ್ಟೇ ಕೇಳಿದೆ. ಅಲ್ಲಿಯವರೆಗೆ ಎಲ್ಲ ಸರಿಯಿತ್ತು.

"ನಿಮ್ಮ ಲ್ಯಾಬಿಂದಾನೇ ಇನ್ನೊಬ್ರು ಬಂದಿದ್ರು. ನಿಮಗಿಂತ ಸೀನಿಯರ್. ನಾವು ಹೇಳಿದ್ದಕ್ಕೇ ಒಪ್ಪಿದಾರೆ. ನಿಮಗ್ಯಾಕೆ ಜಾಸ್ತಿ ಕೊಡ್ಬೇಕು, ಹೇಳಿ?"

ಅಕ್ಕ! ನನಗೆ ಒಂದು ಮಾತೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ, ಬಿಡು.

"ಅವರಿಗೆ ಕಣ್ಣು ಮೊದಲಿನ ಹಾಗಿಲ್ಲ ಸರ್. ಎರಡೆರಡು ಸಲ ಚುಚ್ತಾರೆ."

ನನ್ನದೇ ದನಿ. ಮೆತ್ತಗೆ, ಅಯ್ಯೋ ಪಾಪ ಎನ್ನುವ ಹಾಗೆ.

ಕೇಳಿದಷ್ಟೂ ಸಿಕ್ಕಿತು.

ಎರಡು ಸಲ ಚುಚ್ಚಿದ್ದು ಒಂದೇ ದಿನ, ನರವೇ ಸಿಗದ ಅಜ್ಜಿಯೊಬ್ಬರಿಗೆ. ನಾನಾಗಿದ್ದರೆ ನಾಲ್ಕು ಸಲ. ಕನ್ನಡಕದ ನಂಬರ್ ಏರಿದ್ದನ್ನು ಅಕ್ಕ ನನ್ನೊಬ್ಬಳಿಗೆ ಹೇಳಿದ್ದಳು. ಹೊಸ ಕನ್ನಡಕದಲ್ಲಿ ಅವಳಿಗೆ ಎಲ್ಲ ನಿಚ್ಚಳವಾಗಿ ಕಾಣುತ್ತದೆ. ಅದು ನನಗೆ ಗೊತ್ತು. ಗೊತ್ತಿದ್ದೂ…

ಜೂನ್ 7

ಗಂಡ ತಮ್ಮನಿಗೆ ಫೋನಿನಲ್ಲಿ ಹೇಳುತ್ತಿದ್ದರು: "ನಿಮ್ಮತ್ತಿಗೆ ಒಂಚೂರೂ ಜಗ್ಗಲಿಲ್ಲ ಕಣೋ!" ನಲ್ಲಿ ಜೋರಾಗಿ ಬಿಟ್ಟುಕೊಂಡು ಬಾತ್‌ರೂಮಿನಲ್ಲಿ ಕುಳಿತಿದ್ದೆ.

ಜೂನ್ 13

ಇಷ್ಟು ದಿನ ಬರೆಯಲು ಮುಖವಿರಲಿಲ್ಲ.

ಮಧ್ಯಾಹ್ನ ಸಾಲು ಕರಗಿದ ಮೇಲೆ ಅಕ್ಕ ಗ್ಲೌಸ್ ಕಳಚುತ್ತಾ ಹೇಳಿದಳು. "ದೊಡ್ಡಾಸ್ಪತ್ರೆಯವರು ನನ್ನನ್ನ ಬೇಡ ಅಂದ್ರು. ಕಣ್ಣಿನ ತೊಂದ್ರೆ ಇದೆಯಂತೆ. ಅವರಿಗೆ ಯಾರು ಹೇಳಿದ್ದು?"

ಡಬ್ಬಿಗೆ ಹತ್ತಿ ತುಂಬುತ್ತಲೇ ಇದ್ದೆ. ಡಬ್ಬಿ ಆಗಲೇ ತುಂಬಿತ್ತು.

"ನಾನೇ ಅಕ್ಕಾ. ಅಲ್ಲಿ ಜಾಸ್ತಿ ಸಂಬಳ ಕೇಳೋವಾಗ ಹೇಳ್ಬಿಟ್ಟೆ."

ಬೈದಿದ್ದರೆ ಚೆನ್ನಾಗಿತ್ತು.

"ಜಾಸ್ತಿ ಕೇಳೋದ್ರಲ್ಲಿ ತಪ್ಪೇನಿಲ್ಲ ಕಣೇ. ನನ್ನನ್ನ ಮಧ್ಯೆ ಎಳೀದೆ ಕೇಳ್ಬಹುದಿತ್ತು."

ಕೈ ತೊಳೆದುಕೊಂಡು ಹೊರಟುಹೋದಳು.

ಜೂನ್ 14, ಮಧ್ಯಾಹ್ನ

ಮ್ಯಾನೇಜರಿಗೆ ಫೋನ್ ಮಾಡಿದೆ. ಹೇಳಿದ್ದು ಸುಳ್ಳು ಎಂದೆ. ಅಕ್ಕನ ಕಣ್ಣಿಗೆ ಏನೂ ಆಗಿಲ್ಲ, ಅವಳದು ನನಗಿಂತ ಪಳಗಿದ ಕೈ ಎಂದೆ.

ನಕ್ಕರು. "ಹೋಗ್ಲಿ ಬಿಡಿ, ಕೆಲಸ ಗಿಟ್ಟಿಸೋಕೆ ಎಲ್ರೂ ಏನೋ ಒಂದು ಹೇಳ್ತಾರೆ. ಇರೋದು ಒಂದೇ ಪೋಸ್ಟು. ಸೋಮವಾರ ಬರ್ತೀರೋ ಇಲ್ವೋ, ಅಷ್ಟು ಹೇಳಿ."

ಬರಲ್ಲ ಎನ್ನಲೆಂದೇ ಫೋನ್ ಮಾಡಿದ್ದು.

"ಬರ್ತೀನಿ ಸರ್."

ಅಷ್ಟು ಬೇಗ ಹೇಳಿಬಿಟ್ಟೆ. ಗಂಡ ಮನೆಯಲ್ಲಿರಲಿಲ್ಲ. ಯಾರೂ ಒತ್ತಾಯ ಮಾಡಿರಲಿಲ್ಲ. ನಾನೇ, ನನ್ನ ಬಾಯಿಂದಲೇ, ಥ್ಯಾಂಕ್ಸ್ ಬೇರೆ ಹೇಳಿದೆ.