‘ರಾಜಿ’ ಎಂಬ ತಪ್ಪು ಹೊಲಿಗೆ

ಸಾಲ ವಸೂಲಿ ಕಚೇರಿಯ ಮುಖ್ಯಸ್ಥರಿಗೆ ವಂದನೆಗಳು.

ನನ್ನ ಶಿಷ್ಯೆ ಹೊಲಿಗೆ ಯಂತ್ರಕ್ಕೆಂದು ಪಡೆದು, ಕಾಯಿಲೆ ಬಿದ್ದು ಕಟ್ಟಲಾಗದೆ ಉಳಿಸಿಕೊಂಡಿದ್ದ ಹಳೆಯ ಸಾಲ ತಮಗೆ ನೆನಪಿರಬಹುದು. “ಅರ್ಧ ಕೊಡಿ ಅಕ್ಕ, ರಾಜಿ ಅಂತ ಬರ್ಕೊಂಡು ಬಿಟ್ಬಿಡ್ತೀವಿ” ಎಂದು ನಿಮ್ಮ ವಸೂಲಿಗಾರರೇ ಹೇಳಿದ್ದರು. “ಒಂದೇ ತೋಳು ಹೊಲಿದು ಅಂಗಿ ಅಂತ ಕೊಟ್ರೆ ನೀವು ಹಾಕ್ಕೋತೀರಾ ಅಣ್ಣ?” ಎಂದು ಅವರನ್ನು ನಗಿಸಿದವಳು, ಹನ್ನೊಂದು ತಿಂಗಳಲ್ಲಿ ಪೂರ್ತಿ ಕಟ್ಟಿದಳು. ನಾನು ಕಲಿಸಿದ್ದು ಹೊಲಿಗೆ ಮಾತ್ರ. ಈ ಅಚ್ಚುಕಟ್ಟು ಅವಳದೇ.

ಆದರೂ ನಿಮ್ಮ ದಾಖಲೆಯಲ್ಲಿ ‘ರಾಜಿ’ ಎಂದೇ ಇದೆ. ಆ ಪದ ಇರುವವರೆಗೆ ಮನೆ ಸಾಲ ಕೊಡಲಾಗದೆಂದು ಬ್ಯಾಂಕಿನವರು ತಿಳಿಸಿದ್ದಾರೆ. ಸೋಮವಾರ ಅವಳು ರಸೀದಿಗಳೊಂದಿಗೆ ಬರುತ್ತಾಳೆ. ದಯವಿಟ್ಟು ‘ಪೂರ್ತಿ ತೀರಿದೆ’ ಎಂದು ತಿದ್ದಿಕೊಡಿ. ತಪ್ಪು ಬಿದ್ದ ಹೊಲಿಗೆಯನ್ನು ಬಿಚ್ಚಿ ಮತ್ತೆ ಹಾಕುವುದರಲ್ಲಿ ಅವಮಾನವೇನಿಲ್ಲ. ನಮ್ಮ ಶಾಲೆಯಲ್ಲಿ ಅದೇ ಮೊದಲ ಪಾಠ.

ತಮ್ಮ ವಿಶ್ವಾಸಿ,
ಹೊಲಿಗೆ ಶಾಲೆಯ ಶಿಕ್ಷಕ